ಅಂಗಾತ ಮಲಗಿ ಗೆದ್ದ ಅತ್ತಿಗೆ

ನಮ್ಮ ಅತ್ತಿಗೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಹಾಸುಬಟ್ಟೆಗಳನ್ನು ಯಂತ್ರದಿಂದ ಎಳೆದು, ಕೊಡವಿ, ಇಸ್ತ್ರಿಗೆ ಹಾಕುತ್ತಾಳೆ. ಅಷ್ಟು ದುಡಿದವರು ಮನೆಗೆ ಬಂದು ಕಾಲು ಚಾಚಿ ಕೂರುತ್ತಾರೆ. ಇವಳು ದಪ್ಪ ಬಟ್ಟೆಯ ಬಿಳಿ ಅಂಗಿಯನ್ನು ಚೀಲಕ್ಕೆ ತುರುಕಿಕೊಂಡು, ಟೈರ್ ಅಂಗಡಿಯ ಮಹಡಿಗೆ ಜಿಯು-ಜಿಟ್ಸು ಅನ್ನೋ ಪರದೇಶದ ಕುಸ್ತಿ ಕಲಿಯಲು ಓಡುತ್ತಾಳೆ. ನಲವತ್ತು ದಾಟುವ ಹೊತ್ತಿಗೆ ಹಿಡಿದ ಹುಚ್ಚು. ಆಡಿಕೊಳ್ಳಲು ನಾದಿನಿಗೆ ಇನ್ನೇನು ಬೇಕು?

ನನಗಿಂತ ಹೆಚ್ಚು ಉರಿದದ್ದು ಅಪ್ಪನಿಗೆ. ಅಪ್ಪ ಹಳೆಯ ಕುಸ್ತಿ ಪೈಲ್ವಾನ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿತೋ, ಆಟ ಮುಗಿಯಿತು. ಅತ್ತಿಗೆಯೋ, ಪಂದ್ಯ ಶುರುವಾದ ಕೂಡಲೇ ತಾನಾಗಿ ಅಂಗಾತ ಮಲಗುವವಳು. ಎದುರಾಳಿಯ ಎರಡೂ ತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಎರಡೂ ಪಾದಗಳನ್ನು ರಟ್ಟೆಗೆ ಒತ್ತಿ, ಕೆಳಗಿನಿಂದಲೇ ಆಟ ಆಡಿಸುವ ಪಟ್ಟು ಅದು. ಸ್ಪೈಡರ್ ಗಾರ್ಡ್ ಅನ್ನುತ್ತಾರೆ. ಚೆನ್ನಾಗಿ ಪಳಗಿದವರಿಗೆ ಮಾತ್ರ ಒಲಿಯುವ ವಿದ್ಯೆಯಂತೆ. ಇವಳಿಗೆ ಒಲಿದಿರಲಿಲ್ಲ, ಆಡಿದ ಪಂದ್ಯಗಳನ್ನೆಲ್ಲ ಸೋತು, "ಈ ಸಲ ಹಿಡಿತ ಚೆನ್ನಾಗಿತ್ತು" ಎನ್ನುತ್ತ ಮನೆಗೆ ಬರುತ್ತಿದ್ದಳು.

"ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದ್ನಂತೆ" ಎಂದು ಅಪ್ಪ ಒಂದು ದಿನ ಗೊಣಗಿದ. "ನೋಡಮ್ಮ, ಮುಂದಿನ ಸಲವೂ ಸೋತ್ರೆ ಇದನ್ನ ಬಿಟ್ಬಿಡು."

"ಆಯ್ತು ಮಾವ" ಎಂದಳು ಅತ್ತಿಗೆ. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅಷ್ಟು ಆಡಿಕೊಂಡಿದ್ದ ನನಗೇ ಕರುಳು ಚುರುಕ್ಕೆಂದಿತು.

ಪಂದ್ಯ ನಡೆದದ್ದು ಒಂದು ಶಾಲೆಯ ಹಾಲ್‌ನಲ್ಲಿ. ಎದುರಾಳಿ ಗೋದಾಮಿನಲ್ಲಿ ಮೂಟೆ ಎತ್ತುವ ಹುಡುಗಿ. ಇಬ್ಬರದೂ ಒಂದೇ ತೂಕವಂತೆ, ನಂಬಿದರೆ ನಂಬಿ. ಆ ಹೆಗಲು ನೋಡಿಯೇ ನನ್ನಣ್ಣ ಹೆಂಡತಿಗೆಂದು ತಂದಿದ್ದ ನೀರನ್ನು ತಾನೇ ಕುಡಿದು ಮುಗಿಸಿದ.

ರೆಫರಿ ಕೈ ಬೀಸಿದ. ಅತ್ತಿಗೆ ಹುಡುಗಿಯ ತೋಳು ಹಿಡಿದು, ಕೂತು, ಹಾಗೇ ಅಂಗಾತವಾದಳು. ಅಪ್ಪ ನಾಚಿಕೆಯಿಂದ ಗೋಡೆಯ ಕಡೆ ತಿರುಗಿಬಿಟ್ಟ.

"ಏನಾಗ್ತಿದೆ?" ಎಂದು ಗೋಡೆ ನೋಡುತ್ತಲೇ ಕೇಳಿದ.

"ತಿರುಗಿ ನಿಂತಮೇಲೆ ನಿನಗ್ಯಾಕಪ್ಪ?"

"ಬಾಯ್ಮುಚ್ಕೊಂಡು ಹೇಳು."

"ಅತ್ತಿಗೆ ಕೆಳಗೇ ಇದಾಳೆ."

"ಮೇಲಿರೋಳ ಕೈ?"

"ಎರಡೂ ತೋಳು ಅತ್ತಿಗೆ ಮುಷ್ಟಿಲಿ."

"ಇವಳ ಕಾಲು?"

"ಅವಳ ರಟ್ಟೆ ಮೇಲೆ. ಹುಡುಗಿ ಯಾವ ಕಡೆ ಹೋದ್ರೂ ಆ ಕಡೆ ಕಾಲು ಚಾಚಿ ತಡೀತಾಳೆ. ಹಿಂದೆ ಹೋಗೋಕೂ ಬಿಡ್ತಿಲ್ಲ."

ಅಪ್ಪ ಕಿವಿಗೊಟ್ಟು ಆಲಿಸಿದ. "ಏದುಸಿರು ಬಿಡ್ತಿರೋದು ಯಾರು?"

"ಮೇಲಿರೋಳು."

ಅಪ್ಪ ಗರ್ರನೆ ಈ ಕಡೆ ತಿರುಗಿದ. "ಹಾಗಾದ್ರೆ ಸಿಕ್ಕಿಬಿದ್ದಿರೋದು ಅವಳು ಕಣೇ."

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಅಂಕಣದ ಸುತ್ತ ಕಟ್ಟಿದ್ದ ಹಗ್ಗದ ತನಕ ನುಗ್ಗಿ, "ಅವಸರ ಬೇಡ ಮಗಳೇ, ಅವಳೇ ಬರ್ತಾಳೆ" ಎಂದು ಕೂಗಿದ. ಅವನು ಹೇಳಿದಂತೆಯೇ ಆಯಿತು. ಹುಡುಗಿ ತಾಳ್ಮೆಗೆಟ್ಟು ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿದಳು. ಅತ್ತಿಗೆ ಕಾದದ್ದೇ ಅದಕ್ಕೆ. ಒಂದು ಕಾಲಿನಿಂದ ಅವಳನ್ನು ಎತ್ತಿ, ಇನ್ನೊಂದು ಕಾಲನ್ನು ಅವಳ ಮೊಣಕಾಲಿಗೆ ಅಡ್ಡ ಇಟ್ಟು, ತೋಳನ್ನು ಜಗ್ಗಿದಳು. ಬೀಳುವವರು ಕೈ ಊರಿಕೊಳ್ಳುತ್ತಾರೆ. ಹುಡುಗಿಯ ಕೈಗಳು ಅವಳ ವಶದಲ್ಲೇ ಇರಲಿಲ್ಲ. ಮೂಟೆ ಉರುಳಿದ ಹಾಗೆ ಉರುಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಅತ್ತಿಗೆ ಮೇಲಿದ್ದಳು, ಹಾಗೆ ಉರುಳಿಸಿದ್ದಕ್ಕೆ ಅಂಕವೂ ಅವಳದಾಯಿತು, ಸಮಯ ಮುಗಿಯುವವರೆಗೂ ಮೇಲೇ ಇದ್ದಳು.

ರೆಫರಿ ಅವಳ ಕೈಯನ್ನು ಎತ್ತಿ ಹಿಡಿದಾಗ ನಾನು ಗಂಟಲು ಹರಿಯುವಂತೆ ಕೂಗಿದೆ. ಅಷ್ಟು ಹೆಮ್ಮೆ ನನಗೆ ನನ್ನ ಬಗ್ಗೆಯೂ ಯಾವತ್ತೂ ಆಗಿರಲಿಲ್ಲ.

ಬೆವರು ಸುರಿಸುತ್ತ ಬಂದ ಅತ್ತಿಗೆಯನ್ನು ಅಪ್ಪ ಮೇಲಿಂದ ಕೆಳಗೆ ನೋಡಿದ. ಹೊಗಳುತ್ತಾನೆ ಅಂದುಕೊಂಡೆವು.

"ಕಾಲು ಚಾಚೋದು ಸ್ವಲ್ಪ ತಡ ಆಯ್ತು" ಎಂದ. "ನಾಳೆ ಕ್ಲಾಸು ಎಷ್ಟು ಗಂಟೆಗೆ? ನಾನೂ ಬರ್ತೀನಿ."