ಮಾರ್ತಾ ಆಂಟಿಯ ಪಕ್ಕದ ಮನೆ

ಮಾರ್ತಾ ಆಂಟಿ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಕಾರು ಓಡಿಸುತ್ತಿದ್ದರು. ಅಮೆರಿಕದ ಹ್ಯೂಸ್ಟನ್ ವಿಮಾನ ನಿಲ್ದಾಣದಿಂದ ಫುಲ್‌ಶೀರ್ ಎಂಬ ಊರಿನ ಅವರ ಮನೆ ಮುಟ್ಟುವವರೆಗೂ ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆಂಟಿ ಗದಗಿನ ಕಡೆಯವರು, ನಿವೃತ್ತ ನರ್ಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಇಲ್ಲಿ ಸುವಾರ್ತೆ ಸಾರಿ ಕನ್ನಡ ಸಭೆಯೊಂದನ್ನು ಕಟ್ಟಲೆಂದು ಧಾರವಾಡದ ನಮ್ಮ ಚರ್ಚಿನವರು ನನ್ನನ್ನು ಕಳಿಸಿದ್ದರು. ಇರಲು ಕೋಣೆ ಕೊಟ್ಟವರು ಈ ಆಂಟಿ.

ಊರು ನೋಡಿ ನನಗೆ ದಿಗಿಲಾಯಿತು. ಸಾಲಾಗಿ ಒಂದೇ ತರಹದ ಹೊಸ ಮನೆಗಳು, ಸುಡುವ ಬಿಸಿಲು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕಾರು ಬಂದರೆ ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಒಳಗೆ ಹೋದರೆ ಮುಚ್ಚಿಕೊಳ್ಳುತ್ತದೆ. ಧಾರವಾಡದಲ್ಲಾದರೆ ಬೈಬಲ್ಲನ್ನು ಕಂಕುಳಲ್ಲಿಟ್ಟು ಓಣಿಗೆ ಕಾಲಿಟ್ಟರೆ ಸಾಕು, ಕಟ್ಟೆಯ ಮೇಲೆ ಕೂತವರು ತಾವಾಗಿಯೇ ಕರೆದು ಚಹಾ ಕೊಡುತ್ತಿದ್ದರು. ಇಲ್ಲಿ ಯಾರಿಗೆ ಏನಂತ ಸಾರುವುದು? ಮಂದಿ ಎಲ್ಲಿ ಎಂದು ಆಂಟಿಯನ್ನೇ ಕೇಳಿದೆ.

“ಒಳಗ ಅದಾರ್ರಿ ಪಾಸ್ಟರ್. ತಾವಾಗೇ ಬಾಗಲಾ ತಗೀತಾರ. ಅಲ್ಲೀತನಕ ನೀವು ಸುಮ್ನ ಉಂಡು ಇರ್ರಿ.”

ನನಗೆ ಸಿಟ್ಟು ಬಂತು. ಉಂಡು ಇರಲು ಇಷ್ಟು ದೂರ ಬರಬೇಕಿತ್ತೇ? ಎಷ್ಟು ಮನೆಗೆ ಹೋದೆ, ಎಷ್ಟು ಕಡೆ ಪ್ರಾರ್ಥಿಸಿದೆ ಎಂದು ತಿಂಗಳಿಗೊಂದು ವರದಿ ಬೇರೆ ಕಳಿಸಬೇಕಿತ್ತು.

ಆಂಟಿಯ ದಾರಿಯೇ ಬೇರೆ. ಪಕ್ಕದ ಮನೆ ಹುಬ್ಬಳ್ಳಿಯ ಲಲಿತಾಬಾಯಿಯವರದು. ಹತ್ತು ವರ್ಷದ ಗೆಳೆತನ. ಕ್ರಿಸ್‌ಮಸ್ಸಿನ ಕರ್ಚಿಕಾಯಿ ಲಲಿತಾಬಾಯಿಯ ಒಲೆಯ ಮೇಲೆ ಆಗುತ್ತಿತ್ತು. ಅವರ ಏಕಾದಶಿಯ ದಿನ ಆಂಟಿಯ ಮನೆಯಲ್ಲಿ ಮೀನು ಹುರಿಯುತ್ತಿರಲಿಲ್ಲ. ಹಾಸಿಗೆ ಹಿಡಿದಿದ್ದ ಲಲಿತಾಬಾಯಿಯ ಅತ್ತೆಗೆ ದಿನಾ ಮಧ್ಯಾಹ್ನ ಹೋಗಿ ಮೈ ಒರೆಸಿ, ಮಗ್ಗುಲು ಬದಲಿಸಿ, ಹೆರಳು ಹಾಕಿ ಬರುತ್ತಿದ್ದರು. ಅಲ್ಲಿ ಒಂದು ದಿನವೂ ದೇವರ ಹೆಸರು ಎತ್ತಿದವರಲ್ಲ. ಇದೆಂಥ ವಿಶ್ವಾಸವಪ್ಪಾ ಎಂದು ನಾನು ಒಳಗೊಳಗೇ ಮೂಗು ಮುರಿಯುತ್ತಿದ್ದೆ.

ಮೂರನೆಯ ವಾರ ನಾನೂ ಜೊತೆಗೆ ಹೋದೆ. ಅವರಿಬ್ಬರೂ ಅಡುಗೆಮನೆಗೆ ಹೋದದ್ದೇ ತಡ, ಊರಿನ ಆಸ್ಪತ್ರೆಯ ವಾರ್ಡುಗಳಲ್ಲಿ ಮಾಡುತ್ತಿದ್ದಂತೆ ಅಜ್ಜಿಯ ಹಣೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದೆ. ಒಂದು ಮಾತು ಯಾರನ್ನೂ ಕೇಳಲಿಲ್ಲ. ತನ್ನ ಕಾಲ ಮುಗಿಯಿತೆಂದೇ ತಿಳಿದು ಅಜ್ಜಿ ಹೋ ಎಂದು ಅಳತೊಡಗಿದರು. ಓಡಿ ಬಂದ ಲಲಿತಾಬಾಯಿ ನನ್ನ ಕಡೆ ನೋಡಲೇ ಇಲ್ಲ. ಆಂಟಿಯನ್ನು ನೋಡಿ ಮೆಲ್ಲಗೆ ಕೇಳಿದರು.

“ಇಷ್ಟ ವರ್ಷ ನೀ ಬರ್ತಿದ್ದದ್ದು ಇದಕ್ಕೇನ, ಮಾರ್ತಾ?”

ಮರುದಿನ ಆಂಟಿ ಅದೇ ಹೊತ್ತಿಗೆ ಹೋಗಿ ಬೆಲ್ ಒತ್ತಿದರು. ಅತ್ತೆ ಮಲಗಿದ್ದಾರೆ ಎಂದು ಬಾಗಿಲು ತೆರೆಯದೆ ಬೆಲ್ಲಿನ ಸ್ಪೀಕರಿನಿಂದಲೇ ಉತ್ತರ ಬಂತು. ಅದರ ಮರುದಿನವೂ ಅದೇ ಉತ್ತರ. ನಾನು ತಪ್ಪೊಪ್ಪಿಕೊಳ್ಳಲು ಹೋದಾಗ ಲಲಿತಾಬಾಯಿ ಬಾಗಿಲು ತೆರೆದು, ಕೇಳಿಸಿಕೊಂಡು, ಕೈ ಮುಗಿದು ಮುಚ್ಚಿಕೊಂಡರು.

ಆಂಟಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಎಷ್ಟೋ ಬದುಕಿಕೊಳ್ಳುತ್ತಿದ್ದೆ. ಮಧ್ಯಾಹ್ನವಾದರೆ ಎಲ್ಲಿಗೋ ಹೊರಟವರಂತೆ ಏಳುವರು, ನಿಂತು ಮತ್ತೆ ಕೂರುವರು. ಆ ಅಜ್ಜಿ ತೀರಿಕೊಂಡ ಸುದ್ದಿ ವಾರ ಕಳೆದ ಮೇಲೆ ಬೇರೆ ಯಾರಿಂದಲೋ ತಿಳಿಯಿತು. ಅವತ್ತು ಆಂಟಿ ಕೋಣೆ ಸೇರಿ ಅತ್ತರು.

ಅದಾಗಿ ಎರಡು ವರ್ಷಕ್ಕೆ ಆಂಟಿಯ ಹೃದಯ ಕೈಕೊಟ್ಟಿತು. ಲಿಯಾಂಡರ್ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಶಿಫ್ಟ್ ಆದರು. ತೀರಿಕೊಳ್ಳುವ ನಾಲ್ಕು ದಿನ ಮೊದಲು ನಾನು ನೋಡಲು ಹೋದೆ. ಹೊರಡುವ ಮುಂಚೆ ಲಲಿತಾಬಾಯಿಯ ಬೆಲ್ ಒತ್ತಿ ಬಹಳ ಹೊತ್ತು ಕಾದಿದ್ದೆ, ಯಾರೂ ತೆರೆದಿರಲಿಲ್ಲ. ನಾನು ಮಂಚದ ಪಕ್ಕ ಕೂತೊಡನೆ ಆಂಟಿ ಸಭೆ ಹೇಗಿದೆಯೆಂದು ಕೇಳಲಿಲ್ಲ. ಲಲಿತಾ ಸಿಕ್ಕಿದ್ದಳೇ ಎಂದರು.

“ಸಿಕ್ಕಿದ್ರು ಆಂಟಿ. ನಿಮ್ಮನ್ನ ಭಾಳ ನೆನಸಿದ್ರು.”

ಅವರು ನನ್ನ ಮುಖವನ್ನೇ ನೋಡಿದರು. “ಸುಳ್ಳ ಹೇಳಾಕ ಬರಂಗಿಲ್ಲ ನಿಮಗ,” ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡು, “ಇರಲಿ. ಇನ್ನೊಮ್ಮೆ ಹೇಳ್ರಿ,” ಎಂದರು.

ಹೇಳಿದೆ.