ದೋಣಿಯ ಕಾಲು ಕಳಚಿದ್ದು

ಮನೆಯಲ್ಲಿ ಎಷ್ಟೇ ಸ್ಪ್ಯಾನರುಗಳಿರಲಿ, ಬೇಕಾದ ಹೊತ್ತಿಗೆ ಬೇಕಾದ ಅಳತೆಯದು ಮಾತ್ರ ಇರುವುದಿಲ್ಲ. ಇದು ಅರವತ್ತು ದಾಟಿದ ಮೇಲೆ ನನಗೆ ದಕ್ಕಿದ ಜ್ಞಾನ. ಕೊಪ್ಪದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ವ್ಯಾಕರಣ ಬೋಧಿಸಿದ ನನ್ನ ಆಯುಧಾಗಾರದಲ್ಲಿ ಇದ್ದುದು ಒಂದು ಸೀಮೆಸುಣ್ಣ, ಒಂದು ಡಸ್ಟರು. ಬಿಚ್ಚುವ ಕೆಲಸ ಮಾಡಿಯೇ ಇಲ್ಲವೆನ್ನುವಂತಿಲ್ಲ. ‘ಸಂಧಿ ಬಿಡಿಸಿ ಬರೆಯಿರಿ’ ಎಂದು ಸಾವಿರಾರು ಮಕ್ಕಳನ್ನು ಗೋಳು ಹುಯ್ದುಕೊಂಡಿದ್ದೇನೆ. ಆದರೆ ಲೋಹಕ್ಕೂ ಲೋಹಕ್ಕೂ ಸಂಧಿಯಾದರೆ ಅಲ್ಲಿ ಲೋಪ, ಆಗಮ, ಆದೇಶಗಳ ಯಾವ ಸೂತ್ರವೂ ನಡೆಯುವುದಿಲ್ಲವೆಂದು ತಿಳಿಯಲು ನಾನು ನರಸಿಂಹರಾಜಪುರದ ಹಿನ್ನೀರಿನ ಕೆಸರಿನಲ್ಲಿ ಮೊಣಕಾಲೂರಬೇಕಾಯಿತು.

ಕಾರಣ ನನ್ನ ಅಕ್ಕ ಗಿರಿಜ. ಭದ್ರೆಯ ಹಿನ್ನೀರಿನ ಆಚೆ ದಡದಲ್ಲಿ ಹನ್ನೊಂದು ಮನೆಗಳ ಒಂದು ಹಳ್ಳಿಯಿದೆ. ಅಲ್ಲಿಯ ಪುಟ್ಟ ಶಾಲೆಗೆ ಆಕೆ ಇಪ್ಪತ್ತು ವರ್ಷ ತೆಪ್ಪದಲ್ಲಿ ದಾಟಿ ಹೋಗಿ ಪಾಠ ಹೇಳಿದವಳು. ನಿವೃತ್ತಳಾದ ಮೇಲೆ ಬೇರೆಯವರು ಕಾಶಿಗೆ ಹೋಗುವಂತೆ ಈಕೆ ಮಂಗಳೂರಿಗೆ ಹೋಗಿ, ಒಂದು ಹಳೆಯ ಮೋಟರ್ ದೋಣಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಘಟ್ಟ ಹತ್ತಿಸಿದಳು. ದೋಣಿ ನಡೆಸುವುದನ್ನು ಕಲಿತು, ಪರವಾನಗಿಯನ್ನೂ ಮಾಡಿಸಿಕೊಂಡಳು. “ಈ ಮಳೆಗಾಲ ಯಾರೂ ರಸ್ತೆ ಸುತ್ತಿ ಪೇಟೆಗೆ ಹೋಗೂದು ಬ್ಯಾಡ, ನಾ ದಾಟಿಸ್ತೆ” ಎಂದು ಆಚೆ ದಡದವರಿಗೆಲ್ಲ ಮಾತು ಕೊಟ್ಟಳು. ಅಕ್ಕ ಮಾತು ಕೊಟ್ಟರೆ ಅದನ್ನು ಉಳಿಸುವ ಹೊಣೆ ಸಾಮಾನ್ಯವಾಗಿ ತಮ್ಮನ ತಲೆಗೆ ಬರುತ್ತದೆಂಬುದು ತಮ್ಮಂದಿರಾದ ಎಲ್ಲ ಓದುಗರಿಗೂ ಗೊತ್ತಿರುವ ವಿಷಯ.

ಈ ದೋಣಿಯ ಅಂಗರಚನೆಯನ್ನು ಸ್ವಲ್ಪ ಹೇಳಬೇಕು. ಇಂಜಿನ್ನು ದೋಣಿಯ ಒಳಗೆ. ಆದರೆ ಗೇರು, ನೀರು ಕಡೆಯುವ ರೆಕ್ಕೆ ಎಲ್ಲವೂ ಹೊರಗೆ, ಹಿಂಬದಿಯ ಹಲಗೆಗೆ ಒಂದು ದಪ್ಪ ಕಾಲಿನಂತೆ ನೇತುಕೊಂಡಿರುತ್ತವೆ. ಬಲ್ಲವರು ಅದನ್ನು ಔಟ್‌ಡ್ರೈವ್ ಎನ್ನುತ್ತಾರೆ. ನಾವು ಕಾಲು ಎಂದೆವು. ಒಳಗಿನ ಇಂಜಿನ್ನಿಗೂ ಹೊರಗಿನ ಕಾಲಿಗೂ ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಮಡಿಕೆಯಾದ ಒಂದು ರಬ್ಬರ್ ಕೊಳವೆ. ನೀರು ದೋಣಿಯೊಳಗೆ ನುಗ್ಗದಂತೆ ತಡೆಯುವುದು ಅದೊಂದೇ. ನಮ್ಮ ದೋಣಿಯ ರಬ್ಬರು ಹರಿದಿತ್ತು. ಹೊಸದು ಮಂಗಳೂರಿನಿಂದ ಬಂದು ಅಕ್ಕನ ಮನೆಯಲ್ಲಿ ಕೂತಿತ್ತು. ಅದನ್ನು ಹಾಕಬೇಕಾದರೆ ಕಾಲು ಕಳಚಬೇಕು; ಕಾಲೋ, ವರ್ಷಗಟ್ಟಲೆ ಸಮುದ್ರದ ಉಪ್ಪುನೀರಿನಲ್ಲಿ ನೆನೆದು ದೋಣಿಯೊಂದಿಗೆ ಅದ್ವೈತ ಸಾಧಿಸಿಬಿಟ್ಟಿತ್ತು.

ಬೇಸಿಗೆಯಲ್ಲಿ ನೀರು ಇಳಿದಾಗ ದೋಣಿಯನ್ನು ಬಯಲಾದ ನೆಲದಲ್ಲಿ ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಜುಲೈ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

“ಮೇಲ್ಗಡೆ ಬಾಳೆಹೊನ್ನೂರು ಸೇತುವೆ ಕೆಳಗೆ ಹೊಳೆ ಕೆಂಪಾಗಿ ಹರೀತಾ ಉಂಟಂತೆ ಮಾರಾಯ. ಇಲ್ಲಿ ನೀರು ಏರ್ತಾ ಉಂಟು. ಮೂರು ದಿನದಲ್ಲಿ ದೋಣಿ ಬುಡಕ್ಕೆ ಬರ್ತದೆ. ಟ್ರ್ಯಾಕ್ಟರ್ ತಂದು ಎಳೆಸೋಣ ಅಂದ್ರೆ ಅದೇ ಕೆಸರಲ್ಲಿ ಹೂತುಹೋಯ್ತು.”

ರಬ್ಬರು ಹರಿದ ದೋಣಿಗೆ ನೀರು ಬಂದರೆ ಏನಾಗುತ್ತದೆಂದು ಊಹಿಸಲು ವ್ಯಾಕರಣ ಬೇಕಾಗಿಲ್ಲ. ನಾನು ಕೊಪ್ಪದ ಬಾಬಣ್ಣನನ್ನು ಕಟ್ಟಿಕೊಂಡು ಹೊರಟೆ. ಬಾಬಣ್ಣ ಔಷಧಿ ಹೊಡೆಯುವ ಪಂಪು, ಟಿಲ್ಲರು, ಹಳೆಯ ಜೀಪುಗಳ ಧನ್ವಂತರಿ. ಆದರೆ ಆತ ದೋಣಿ ಹತ್ತಿದವನೇ ಅಲ್ಲ. ಔಟ್‌ಡ್ರೈವನ್ನು ಕಂಡವನೇ ಸುತ್ತ ಮೂರು ಪ್ರದಕ್ಷಿಣೆ ಬಂದು, ಕೆಳಗೆ ಮಲಗಿ, ಎದ್ದು, ಕಣ್ಣರಳಿಸಿ, “ಎಂತಾ ಚಂದದ ಯಂತ್ರ ಮಾರಾಯ್ರೆ!” ಎಂದ. ಆ ಕ್ಷಣದಿಂದ ಅವನ ಉತ್ಸಾಹ ನನಗೂ ಅಂಟಿತು. ನನ್ನ ಆಯುಷ್ಯದಲ್ಲಿ ಇಂಥ ಹುಮ್ಮಸ್ಸು ನನಗೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕಂಡು ಎಂದೂ ಬಂದಿರಲಿಲ್ಲ.

ಕಾಲನ್ನು ಹಿಡಿದಿದ್ದದ್ದು ಆರು ನಟ್ಟು. ಅವು ಇಂಚಿನ ಲೆಕ್ಕದವು, ತನ್ನಲ್ಲಿರುವುದೆಲ್ಲ ಮಿಲಿಮೀಟರಿನ ಸ್ಪ್ಯಾನರುಗಳು ಎಂದು ಬಾಬಣ್ಣ ಪತ್ತೆಮಾಡಿದ. ಪರಿಚಯದ ಒಂದು ಕಾಫಿ ತೋಟದಲ್ಲಿ ಹಳೆಯ ಜೀಪಿಗಿಟ್ಟ ಇಂಚಿನ ಸೆಟ್ಟು ಇದೆಯೆಂದು ಬೈಕು ಹತ್ತಿದ. “ಮೇಷ್ಟ್ರೇ, ನಾ ಬರೋವರೆಗೆ ತುಕ್ಕು ಬಿಡಿಸೋ ಎಣ್ಣೆ ಬಿಡ್ತಾ ಇರಿ. ಬೇರೆ ಎಂತದೂ ಮುಟ್ಟಬೇಡಿ” ಎಂದು ಹೇಳಿ ಹೋದ.

ಮುಟ್ಟಬೇಡ ಎಂದರೆ ಮುಟ್ಟುವ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಾನು. ಅರ್ಧ ಗಂಟೆ ಎಣ್ಣೆ ಬಿಟ್ಟೆ. ಆಮೇಲೆ, ಆತ ಬರುವಷ್ಟರಲ್ಲಿ ಒಂದಾದರೂ ಬಿಚ್ಚಿಟ್ಟು ಚಕಿತಗೊಳಿಸೋಣವೆಂಬ ದುರ್ಬುದ್ಧಿ ಹುಟ್ಟಿ, ಬಹುತೇಕ ಸರಿಹೊಂದುವಂತೆ ಕಂಡ ಹದಿನೇಳರ ಸ್ಪ್ಯಾನರನ್ನು ಎಡಬದಿಯ ಕೆಳಗಿನ ನಟ್ಟಿಗೆ ಕೊಟ್ಟು ಮೈಭಾರವನ್ನೆಲ್ಲ ಹಾಕಿ ಎಳೆದೆ. ತಿರುಗಿತು! ‘ಅಕ್ಕಾ, ಬಂತು!’ ಎಂದು ಕೂಗಬೇಕೆನ್ನುವಾಗ ಗಮನಿಸಿದೆ. ತಿರುಗಿದ್ದು ಸ್ಪ್ಯಾನರು ಮಾತ್ರ. ನಟ್ಟಿನ ಆರು ಮೂಲೆಗಳೂ ಸವೆದು, ಅದು ಎಣ್ಣೆಯೂ ತುಕ್ಕೂ ಮೆತ್ತಿಕೊಂಡು ಗೋಲಿಯಂತೆ ನುಣ್ಣಗಾಗಿತ್ತು.

ಮಧ್ಯಾಹ್ನ ಬಾಬಣ್ಣ ಬಂದ. ಇಂಚಿನ ಸ್ಪ್ಯಾನರಿಗೆ ಐದು ನಟ್ಟುಗಳು ಗೊಣಗುತ್ತ, ಕಿರುಚುತ್ತ, ಅಂತೂ ಬಂದವು. ಆರನೆಯದನ್ನು ಕಂಡು ಆತ ತಲೆಯಾಡಿಸಿದ.

“ಉಪ್ಪು ತಿಂದು ಮೂಲೆನೇ ಕರಗಿಹೋಗ್ಯದೆ ನೋಡಿ. ಈ ಸಮುದ್ರ ಭಾರಿ ಕೆಟ್ಟದ್ದು.”

ನಾನು ಸಮುದ್ರದ ಪರವಾಗಿ ಒಂದು ಮಾತೂ ಆಡಲಿಲ್ಲ. ದಡಕ್ಕೆ ಬಂದ ನೀರಿನ ಅಂಚಿಗೆ ಅಕ್ಕ ನೆಟ್ಟಿದ್ದ ಕೋಲು ಸಂಜೆಯ ಹೊತ್ತಿಗೆ ಮುಳುಗಿತ್ತು. ಇನ್ನೊಂದನ್ನು ಮೇಲೆ ನೆಟ್ಟಳು.

ಎರಡನೆಯ ದಿನ ಉಳಿಯ ಸರದಿ. ಬಾಬಣ್ಣ ಉಳಿಯನ್ನು ನಟ್ಟಿನ ಅಂಚಿಗಿಟ್ಟು, ಅಕ್ಕಸಾಲಿಗನಂತೆ ಮೆಲ್ಲಗೆ, ಬಲು ಮೆಲ್ಲಗೆ ಬಡಿಯುತ್ತಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ಕೂದಲೆಳೆಯಷ್ಟೂ ಜರುಗಲಿಲ್ಲ. ಆಮೇಲೆ ಉಳಿ ಜಾರಿತು. ಸುತ್ತಿಗೆ ಅವನ ಎಡಗೈ ಹೆಬ್ಬೆರಳಿನ ಮೇಲೆ ಬಿತ್ತು. ರಕ್ತ ಬಂತು. ಅಕ್ಕ ಬಟ್ಟೆ ಹರಿದು ಕಟ್ಟುತ್ತಿರುವಾಗ ಆತ ಹಲ್ಲುಕಚ್ಚಿ ಸಮುದ್ರವನ್ನು ಬೈದ. ನಿರಪರಾಧಿಯಾದ ಅರಬ್ಬೀ ಸಮುದ್ರ ಬೈಗುಳ ತಿನ್ನುವುದನ್ನು ಇನ್ನು ನನಗೆ ಕೇಳಲಾಗಲಿಲ್ಲ.

“ಬಾಬಣ್ಣ, ಅದು ಸಮುದ್ರ ಅಲ್ಲ. ನಾನು. ನೀನು ಹೋದಾಗ ಹದಿನೇಳರ ಸ್ಪ್ಯಾನರ್ ಹಾಕಿ ಎಳೆದೆ.”

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ನಾನು ಮತ್ತೆ ಎಂಟು ವರ್ಷದವನಾದೆ. ಆದರೆ ಬಾಬಣ್ಣ ಬೈಯಲಿಲ್ಲ. ಕಟ್ಟಿದ ಬೆರಳನ್ನೂ ಮರೆತು ನೆಟ್ಟಗೆ ಕೂತ.

“ಅಂದ್ರೆ ಇದು ತುಕ್ಕು ತಿಂದದ್ದಲ್ವಾ?”

“ಅಲ್ಲ.”

“ಅಯ್ಯೋ, ಇದನ್ನ ನಿನ್ನೆನೇ ಹೇಳಬಾರದಾ ಮಾರಾಯ್ರೆ! ಹೊರಗೆ ಇಷ್ಟು ಕರಗಿದ್ರೆ ಒಳಗಿನ ಬೋಲ್ಟೂ ಲಡ್ಡಾಗಿರ್ತದೆ, ಜೋರು ಮಾಡಿದ್ರೆ ಮುರೀತದೆ ಅಂತ ಹೆದರಿ ಹೆದರಿ ಬಡೀತಿದ್ದೆ. ಮೂಲೆ ಒಂದೇ ಹೋಗಿದ್ದು ಅಂದ್ರೆ ಒಳಗೆ ಕಬ್ಬಿಣ ಗಟ್ಟಿ ಉಂಟು!”

ಆತ ಚೀಲದಿಂದ, ನಟ್ಟಿನ ತಲೆಗೆ ಟೋಪಿಯಂತೆ ಕೂರುವ, ಒಂದು ಅಳತೆ ಚಿಕ್ಕದಾದ ಸಾಕೆಟ್ಟನ್ನು ತೆಗೆದ. ಅದನ್ನು ನುಣುಪಾದ ನಟ್ಟಿನ ಮೇಲಿಟ್ಟು, ಈಗ ಅಕ್ಕಸಾಲಿಗನಂತಲ್ಲ, ಕಮ್ಮಾರನಂತೆ ಬಡಿದು ಕೂರಿಸಿದ. ಅದಕ್ಕೆ ಸಿಕ್ಕಿಸಿದ ಉದ್ದದ ಹಿಡಿಗೆ ಮೂವರೂ ಕೈಹಾಕಿದೆವು. ಮೊದಲು ಏನೂ ಆಗಲಿಲ್ಲ. ಬಳಿಕ ಹಂದಿಮರಿ ಚೀರಿದಂಥ ಒಂದು ಸದ್ದು. ಎಂಟನೇ ಒಂದು ಸುತ್ತು. ಮತ್ತೊಂದು. ನಟ್ಟು ಅಂಗೈಗೆ ಬಿದ್ದಾಗ ಬಿಸಿಯಾಗಿತ್ತು. ಒಂದು ದಿನ ಪೂರ್ತಿ ನಾನು ಬಾಯಿ ಬಿಗಿದು ಕೂತಿದ್ದರಿಂದಲೇ ಅದೂ ಬಿಗಿದು ಕೂತಿತ್ತಲ್ಲ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಕುಣಿಯಬೇಕೆನಿಸಿತು.

ಆದರೆ ಮೂರನೆಯ ದಿನ ನಟ್ಟೆಲ್ಲ ಹೋದರೂ ಕಾಲು ಅಲ್ಲಾಡಲಿಲ್ಲ. ಕಬ್ಬಿಣದ ತುಕ್ಕು ಕೆಂಪಗಿರುತ್ತದೆ. ಅಲ್ಯೂಮಿನಿಯಂ ಕೊಳೆತರೆ ವಿಭೂತಿಯಂಥ ಬಿಳಿಯ ಪುಡಿ. ಉಕ್ಕಿನ ಬೋಲ್ಟುಗಳಿಗೂ ಅಲ್ಯೂಮಿನಿಯಂ ಕಾಲಿಗೂ ನಡುವೆ ಆ ಪುಡಿ ಕಲ್ಲುಗಟ್ಟಿ ಕೂತಿತ್ತು. ನೀರು ಆಗಲೇ ದೋಣಿಯ ಮುಂದಿನ ದಿಮ್ಮಿಯನ್ನು ನೆಕ್ಕುತ್ತಿತ್ತು. ಬಾಬಣ್ಣ ಗ್ಯಾಸಿನ ಬೆಂಕಿ ಕೊಡೋಣವೆಂದ.

“ಬೆಂಕಿ ಬ್ಯಾಡ. ಒಳಗೆ ಪೆಟ್ರೋಲಿನ ವಾಸನೆ ಇನ್ನೂ ಉಂಟು” ಎಂದಳು ಅಕ್ಕ. “ಬಿಸಿ ಮಾಡಿದ್ರೆ ಸಾಕಲ್ವಾ? ಯಾವುದು ಜಾಸ್ತಿ ಹಿಗ್ಗೂದು, ಉಕ್ಕಾ, ಅಲ್ಯೂಮಿನಿಯಮ್ಮಾ?”

“ಅಲ್ಯೂಮಿನಿಯಂ. ಅದು ಹಿಗ್ಗಿದ್ರೆ ಬೋಲ್ಟಿನ ಮೇಲೆ ಹಿಡಿತ ಸಡಿಲಾಗ್ತದೆ” ಎಂದ ಬಾಬಣ್ಣ.

“ಹಂಗಾದ್ರೆ ಕುದಿಯೋ ನೀರು ಹೊಯ್ಯಿ.”

ದೋಣಿಯಿಂದ ಸಾಕಷ್ಟು ದೂರದಲ್ಲಿ, ಮೇಲಿನ ದಿಬ್ಬದ ಮೇಲೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಕೊಡಗಟ್ಟಲೆ ನೀರು ಕುದಿಯಿತು. ಗೋಣಿತಾಟನ್ನು ಕಾಲಿನ ಸುತ್ತ ಹೊದಿಸಿ ಅಕ್ಕ ಸುರಿದಳು. ಬಾಬಣ್ಣ ಸುತ್ತಲೂ ಮರದ ಕೊಡತಿಯಿಂದ ತಟ್ಟಿದ. ನಾನು ಸಂದಿನ ಎರಡೂ ಕಡೆ ಹಲಸಿನ ಮರದ ಬೆಣೆಗಳನ್ನು ಒಂದೊಂದು ಏಟಿನಂತೆ ಸಮನಾಗಿ ಕೂರಿಸುತ್ತ ಹೋದೆ. ಸುರಿಯುವುದು, ತಟ್ಟುವುದು, ಎಣ್ಣೆ ಬಿಡುವುದು, ಕಾಯುವುದು. ದೊಡ್ಡ ಸುತ್ತಿಗೆಯ ಒಂದೇ ಏಟಿಗೆ ಮುಗಿಸಿಬಿಡಬೇಕೆಂದು ಕೈ ಎಷ್ಟೋ ಸಲ ತುರಿಸಿತು. ಹಾಗೆ ಮಾಡಿದ್ದರೆ ಮುಗಿಯುತ್ತಿತ್ತು ನಿಜ. ಕಾಲೇ ಸೀಳಿ ದೋಣಿಯ ಕಥೆಯೇ ಮುಗಿಯುತ್ತಿತ್ತು. ಬಹುಕಾಲ ಜೊತೆಗಿದ್ದವರನ್ನು ಅಗಲಿಸುವಾಗ ಎರಡು ಕಡೆಯವರಿಗೂ ನೋವಾಗದಂತೆ ಮಾಡುವುದೇ ಕಷ್ಟವೆಂದು ಆಗ ನನಗೆ ಹೊಳೆಯಿತು. ಹೊಳೆದುದನ್ನು ಹೇಳಲು ಬಾಯಿ ತೆರೆದೆ. “ಬೆಣೆ ಹೊಡಿ!” ಎಂದಳು ಅಕ್ಕ.

ಏಳನೆಯ ಕೊಡಕ್ಕೆ ‘ಟಕ್’ ಎಂದಿತು. ನಾವು ಮೂವರೂ ಪರಸ್ಪರ ಮುಖ ನೋಡಿಕೊಂಡೆವು. ಸಂದಿನಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು, ಗೆರೆ ಬೆರಳಗಲವಾಯಿತು. “ಹಿಡೀರಿ, ಹಿಡೀರಿ!” ಎಂದು ಬಾಬಣ್ಣ ಕೂಗುವಷ್ಟರಲ್ಲಿ ದೋಣಿಯ ಕಾಲು ಕಳಚಿ ಜಾರಿತು; ಅದನ್ನು ಅವನೊಂದು ಕಡೆ ನಾನೊಂದು ಕಡೆ ತಬ್ಬಿಕೊಂಡು ಅಂಗಾತ ಕೆಸರಿಗೆ ಬಿದ್ದೆವು. ಎದೆಯ ಮೇಲೆ ಎಳೆಗರುವಿನಷ್ಟು ಭಾರದ ಯಂತ್ರವನ್ನು ಹೊತ್ತುಕೊಂಡು ಮಲಗಿದ ಸ್ಥಿತಿಯಲ್ಲಿ ನಾನು ನಕ್ಕಷ್ಟು ಬೇರೆಂದೂ ನಕ್ಕಿಲ್ಲ.

ನಗುವಿಗೆ ಹೆಚ್ಚು ಸಮಯವಿರಲಿಲ್ಲ. ಈಗ ದೋಣಿಯ ಹಿಂಬದಿಯಲ್ಲಿ ಮೊದಲಿಗಿಂತ ದೊಡ್ಡ ತೂತು ಬಾಯ್ದೆರೆದಿತ್ತು, ನೀರು ಅದರ ಕೆಳಗೆ ಎರಡು ಗೇಣಿನಲ್ಲಿತ್ತು. ತಂತಿಯ ಬ್ರಷ್ಷಿನಿಂದ ಬಿಳಿಯ ಪುಡಿ ಉಜ್ಜಿದೆವು. ಹೊಸ ರಬ್ಬರನ್ನು ಬಾಬಣ್ಣ ಗಾಯದ ಬೆರಳು ಎತ್ತಿ ಹಿಡಿದುಕೊಂಡೇ ಕೂರಿಸಿ ಪಟ್ಟಿ ಬಿಗಿದ. ಬೋಲ್ಟುಗಳಿಗೆ ದಪ್ಪಗೆ ಗ್ರೀಸು ಬಳಿಯುತ್ತ, “ಮುಂದೆ ಬಿಚ್ಚೋನು ನಮ್ಮನ್ನ ಬೈಬಾರದಲ್ಲ” ಎಂದ. ಹಗ್ಗ ಕಟ್ಟಿ ಕಾಲನ್ನೆತ್ತಿದೆವು. ರಬ್ಬರಿನ ಜೊತೆಗೇ ಬಂದಿದ್ದ ಹೊಸ ನಟ್ಟುಗಳಲ್ಲಿ ಕೊನೆಯದನ್ನು ಬಿಗಿಯುವ ಹೊತ್ತಿಗೆ ನನ್ನ ಮೊಣಕಾಲಿನವರೆಗೆ ನೀರಿತ್ತು. ಸೂರ್ಯ ಇನ್ನೂ ಆಚೆ ದಡದ ಮರಗಳ ಮೇಲಿದ್ದ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ದೋಣಿ ಯಾರ ಸಹಾಯವೂ ಇಲ್ಲದೆ ದಿಮ್ಮಿಗಳಿಂದ ಎದ್ದು, ಹಗ್ಗದ ತುದಿಯಲ್ಲಿ ಮೆಲ್ಲಗೆ ತೂಗುತ್ತಿತ್ತು. ಅಕ್ಕ ಚುಕ್ಕಾಣಿ ಹಿಡಿದಳು. ಬಾಬಣ್ಣ ಮತ್ತು ನಾನು ಲೈಫ್ ಜಾಕೆಟ್ಟೆಂಬ ತೇಲುವ ಅಂಗಿ ತೊಟ್ಟುಕೊಂಡು ಹಿಂದೆ ಕೂತೆವು. ಒಂದೇ ಸಲಕ್ಕೆ ಇಂಜಿನ್ನು ಗುಡುಗಿತು, ಹಿಂದೆ ನೀರು ನೊರೆಯೆದ್ದಿತು, ದಡ ಸರಿಯತೊಡಗಿತು. ನಡುನೀರಿಗೆ ಬಂದಾಗ ಅಕ್ಕ ಇದ್ದಕ್ಕಿದ್ದಂತೆ ಇಂಜಿನ್ನು ನಿಲ್ಲಿಸಿ, “ನೋಡು ಬಾಬಣ್ಣ” ಎಂದಳು. ಸದ್ದಡಗಿತು. ಬಾಬಣ್ಣ ಇಂಜಿನ್ನಿನ ಮೇಲೆ ಮುಚ್ಚಿದ್ದ ಹಲಗೆ ಎತ್ತಿ, ಬಗ್ಗಿ, ರಬ್ಬರಿನ ಕೆಳಗೆ ಕೈ ತೂರಿಸಿ ತಡವಿದ. ತುಂಬ ಹೊತ್ತು ತಡವಿದ. ಆಮೇಲೆ ಆತ ಅಂಗೈಯನ್ನು ನಮ್ಮಿಬ್ಬರ ಮುಖದ ಮುಂದೆ ಅಗಲವಾಗಿ ಚಾಚಿದ. ಅದರ ಮೇಲೆ ಇದ್ದದ್ದು ಧೂಳು ಮಾತ್ರ.

“ಒಂದು ಹನಿನೂ ಇಲ್ಲ ಮಾರಾಯ್ರೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚೆ ದಡದಲ್ಲಿ ಯಾರೋ ಕೊಡೆ ಬೀಸುತ್ತಿದ್ದರು. ಪಕ್ಕದಲ್ಲಿ ಇನ್ನಷ್ಟು ಜನ ಸೇರುತ್ತಿದ್ದರು.

“ಮತ್ತೆ ಎಂತಕ್ಕೆ ಇಲ್ಲೇ ಕೂತದ್ದು ನಾವು? ಅವ್ರು ಕಾಯ್ತಾ ಇದ್ದಾರೆ” ಎಂದು ಕೀಲಿ ತಿರುಗಿಸಿದಳು.