ಬಳ್ಳಿ ಸಮೇತ ಬಂದ ಬೇರು

ಮೊದಲು ಏಲಕ್ಕಿ ಮೂಗಿಗೆ ಬಡಿಯಿತು, ಆಮೇಲೆ ಸೆಂಟಿನಂಥ ಎಂಥದೋ ವಾಸನೆ. ಹೆಸರಿಗಾದರೂ ಬೇರಿನ ವಾಸನೆ ಇರಬೇಡವೇ? ಮಾನಂದವಾಡಿಯ ನನ್ನ ಅಡುಗೆಮನೆಯಲ್ಲಿ, ನನ್ನದೇ ಲೋಟದಲ್ಲಿ, ಸೋದರತ್ತೆಯ ಮಗಳು ಸುಜಾತ ದಾರ ಕಟ್ಟಿದ ಪುಟ್ಟ ಕಾಗದದ ಚೀಲವೊಂದನ್ನು ಬಿಸಿನೀರಿಗೆ ಮುಳುಗಿಸುತ್ತಾ ಎತ್ತುತ್ತಾ ನಿಂತಿದ್ದಳು. "ಶತಾವರಿ ಬೇರಿನ ಟೀ ಅಕ್ಕಾ. ಟೆನ್ಶನ್ನಿಗೆ ಒಳ್ಳೇದಂತೆ, ನಿದ್ದೆ ಬರ್ತದಂತೆ. ಎರಡೇ ನಿಮಿಷ." ನಿನ್ನ ಬಿಪಿ ಮಾತ್ರೆಯ ಜೊತೆ ಇದನ್ನು ಕುಡಿಯಬಹುದಾ ಎಂದು ಡಾಕ್ಟರನ್ನು ಕೇಳಿದೆಯಾ ಎಂದರೆ, "ಬೇರು ತಾನೇ, ಏನಾಗ್ತದೆ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಬೇರು ತಾನೇ, ಅಂತೆ! ಬೇರೆ ಯಾರಾದರೂ ಅಂದಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಿರುತ್ತಿದ್ದೆ. ಇವಳಿಗಾಗಿಯೇ ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ಇದೇ ಬೇರಿನ ಹೆಸರಲ್ಲಿ ದೊಡ್ಡ ರಾಮಾಯಣ ನಡೆದಿತ್ತು.

ನಮ್ಮ ಮನೆ ಇದ್ದದ್ದು ಮರಕ್ಕಡವಿನಲ್ಲಿ, ಕಬಿನಿಗೆ ಬೆನ್ನು ಹಾಕಿಕೊಂಡು. ಹೊಳೆಯಾಚೆ ಕರ್ನಾಟಕ. ಅಜ್ಜಿ ಆಚೆಯಿಂದ ಮದುವೆಯಾಗಿ ಬಂದವಳು. ಮಲಯಾಳಂ ಕಲಿತರೂ ಬೈಯುವುದು ಮಾತ್ರ ಕನ್ನಡದಲ್ಲೇ. ಅವಳ ಒಲೆಯ ಮೇಲೆ ಬೇರಿನ ಚಾಯ ಕುದಿಯುವ ದಿನ ಹಸಿ ಮಣ್ಣೂ ಬೆಂದ ಗೆಣಸೂ ಬೆಲ್ಲವೂ ಕಲೆತಂಥ ವಾಸನೆ ಹಿತ್ತಲಿನವರೆಗೂ ಹರಡುತ್ತಿತ್ತು. ಶತಾವರಿ ಎಂಬ ದೊಡ್ಡ ಹೆಸರು ಆಗ ನಮಗೆ ಗೊತ್ತಿರಲಿಲ್ಲ. ಒಂದೇ ಬುಡಕ್ಕೆ ಗೊಂಚಲು ಗೊಂಚಲಾಗಿ ಬೇರು ಬಿಡುವ ಅದನ್ನು ಹಲವು ಮಕ್ಕಳ ತಾಯಿ ಎನ್ನುತ್ತಿದ್ದೆವು. ಬಾಣಂತಿಗೆ, ಜ್ವರ ಬಿಟ್ಟು ಸೊರಗಿದವರಿಗೆ, ಕೊಯ್ಲಿನಲ್ಲಿ ದಣಿದವರಿಗೆ ಅದೇ ಚಾಯ. ಆದರೆ ಆ ಒಂದು ಲೋಟಕ್ಕೆ ಅಜ್ಜಿ ಕೊಡುತ್ತಿದ್ದ ಕಾಟ ಅಷ್ಟಿಷ್ಟಲ್ಲ! ಸಿಪ್ಪೆ ಸುಲಿಯಬೇಕು, ನಡುವಿನ ನಾರನ್ನು ತುಂಡಾಗದ ಹಾಗೆ ಎಳೆಯಬೇಕು; ಆ ಲೋಳೆಯಲ್ಲಿ ಬೆರಳು ಜಾರಿ ಜಾರಿ ಮಕ್ಕಳಾದ ನಮಗೆ ಅಳುವೇ ಬರುತ್ತಿತ್ತು. ತೊಳೆದು, ಹೆಚ್ಚಿ, ಸಣ್ಣ ಉರಿಯಲ್ಲಿ ನೀರು ಅರ್ಧಕ್ಕಿಳಿಯುವ ತನಕ ಕುದಿಸಬೇಕು. ಸೋಸಿದ ಮೇಲಷ್ಟೇ ಹಾಲು, ಬೆಲ್ಲ. ಕಾಲು ಊದಿಕೊಂಡವರಿಗೆ ಇಲ್ಲ, ಕಫ ಕಟ್ಟಿದವರಿಗೆ ಇಲ್ಲ, ಇನ್ನೊಂದು ಲೋಟ ಕೇಳಿದವರಿಗೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಾಟ ಬಳ್ಳಿಯದು. ಯಾರೇ ಬೇರು ತರಲಿ, ಮುಳ್ಳುಬಳ್ಳಿ ಸಮೇತ ತರಬೇಕು. ಬುಡಕ್ಕೆ ಅಂಟಿಕೊಂಡಿರುವ ಬೇರನ್ನು ಅವಳ ಕೈಯಿಂದಲೇ ಕೀಳಬೇಕು. ಅದೇ ಬೇಲಿಗೆ, ಅದೇ ಮಳೆಗೆ ಮೇಂತೋನ್ನಿಯೂ ಹಬ್ಬುತ್ತದೆ. ಬೆಂಕಿ ಬಣ್ಣದ ಹೂ ಬಿಡುವ ಆ ಬಳ್ಳಿಯ ಗಡ್ಡೆ ಘೋರ ವಿಷ. ಸುಲಿದು ಹೆಚ್ಚಿಟ್ಟರೆ ಎರಡೂ ಬಿಳಿ ತುಂಡೇ ಎನ್ನುತ್ತಿದ್ದಳು ಅಜ್ಜಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು. ಇದ್ದಾಗ ತಲೆ ಚಿಟ್ಟು ಹಿಡಿಸುವವರು.

ಅಪ್ಪನ ತಂಗಿ ನಾಗತ್ತೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ವರ್ಷ ನಮ್ಮ ಹಿತ್ತಲಿನ ಬಳ್ಳಿಯನ್ನು ಕಾಡುಹಂದಿಗಳು ಬುಡ ಸಮೇತ ಅಗೆದು ತಿಂದಿದ್ದವು. ಹುಟ್ಟಿದ ಹೆಣ್ಣುಮಗುವೇ ಈ ಸುಜಾತ. ಅತ್ತೆಗೆ ಹಾಲು ಇಳಿಯಲಿಲ್ಲ. ಮಗು ಅತ್ತೂ ಅತ್ತೂ ಅದರ ದನಿಯೇ ಒಡೆದುಹೋಯಿತು; ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಸುದ್ದಿ ತಿಳಿದು ಮಾವ ತೋಲ್ಪೆಟ್ಟಿಯಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ ಓಡಿಬಂದರು. ತಮ್ಮ ಕಾಫಿ ಗಿಡಗಳ ನಡುವೆ ತಾವೇ ಅಗೆದ ಬೇರು. ಮನೆಯವರಿಗೆ ಶ್ರಮವಾಗದಿರಲಿ ಎಂದು ಸುಲಿದು, ನಾರು ತೆಗೆದು, ಹೆಚ್ಚಿ, ಬಾಳೆಲೆಯಲ್ಲಿ ಕಟ್ಟಿ ತಂದಿದ್ದರು. ನಾರು ಎಳೆಯುವ ಕೆಲಸ ತಪ್ಪಿತಲ್ಲ ಎಂದು ನಾನು ಕುಣಿದೆ. ಅಜ್ಜಿ ಗಂಟು ಬಿಚ್ಚಿ ನೋಡಿದಳು.

"ಬಳ್ಳಿ ಎಲ್ಲಿ ಅಳಿಯಂದ್ರೇ?"

"ಬಳ್ಳಿ ಯಾಕತ್ತೆ? ನಾನೇ ಕಣ್ಣಾರೆ ನೋಡಿ ಅಗ್ದಿದ್ದು."

"ನೋಡಿದ್ದು ನಿಮ್ ಕಣ್ಣು. ಕುಡ್ಸೋಳು ನಾನು."

ಮನೆಗೆ ಬಂದ ಅಳಿಯನಿಗೆ ಹೀಗೂ ಅನ್ನುವುದುಂಟೇ? ಅಪ್ಪ ಗೋಗರೆದರು, ಅವ್ವ ಕೈಮುಗಿದಳು. ಊಹೂಂ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಮಾವ ಒಂದು ಲೋಟ ನೀರೂ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು. ನಾವೆಲ್ಲ ಚೇಡತ್ತಿ, ಅಂದರೆ ಅಕ್ಕ, ಎನ್ನುತ್ತಿದ್ದ ಪಕ್ಕದ ಮನೆಯ ಏಲಿಯಮ್ಮ ತನ್ನದೇ ಎಳೆಗೂಸನ್ನು ಕೆಳಗಿಟ್ಟು ಸುಜಾತಳಿಗೆ ಮೊಲೆಯೂಡಿಸುತ್ತಾ, "ಎಂಥ ವಾಶಿಯಪ್ಪಾ ಈ ಅಮ್ಮಚ್ಚಿಗೆ! ಹಟಕ್ಕೂ ಒಂದು ಮಿತಿ ಬೇಡ್ವಾ?" ಎಂದಳು. ಅಜ್ಜಿಗೆ ಕೇಳಲೆಂದೇ ಜೋರಾಗಿ ಅಂದಿದ್ದಳು. ಅಜ್ಜಿ ಒಲೆಯ ಬೂದಿ ಬಳಿಯುತ್ತಲೇ ಇದ್ದಳು. ಆ ಗಳಿಗೆಯಲ್ಲಿ ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಮರುದಿನ ಸಂಜೆ ಮಾವ ವಾಪಸು ಬಂದರು. ತೋಳಿಡೀ ಮುಳ್ಳು ತರಚಿದ ಗೆರೆ. ಕಾಫಿ ಗಿಡದಡಿ ಎಸೆದಿದ್ದ ಬುಡವನ್ನು ಬಾಡಿದ ಬಳ್ಳಿಯ ಸಮೇತ ಹುಡುಕಿ ತಂದು ಅಂಗಳದಲ್ಲಿ ಧೊಪ್ಪನೆ ಹಾಕಿ, "ಈಗ ನೋಡ್ಕೊಳಿ" ಎಂದರು. ಸೂಜಿಯಂಥ ಎಲೆ, ಬಾಗಿದ ಮುಳ್ಳು, ಸಾಕ್ಷಾತ್ ಹಲವು ಮಕ್ಕಳ ತಾಯಿ. ಅಜ್ಜಿ ತುದಿಯಿಂದ ಬುಡದವರೆಗೆ ಬಳ್ಳಿಯನ್ನು ಸವರಿ ನೋಡಿ, ಬುಡಕ್ಕೆ ಇನ್ನೂ ಅಂಟಿಕೊಂಡಿದ್ದ ಬೇರುಗಳನ್ನು ಕಿತ್ತು ನಮ್ಮ ಮುಂದೆ ಸುರಿದಳು. ಹಿಂದಿನ ದಿನದ ಬಾಳೆಲೆ ಗಂಟನ್ನು ಒಯ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚಿದಳು. ಅಪ್ಪನಿಗೆ ತಡೆಯಲಾಗಲಿಲ್ಲ. "ಅವ್ವಾ, ಅದೂ ಇದೇ ಬೇರಲ್ವೇನವ್ವ!"

"ಇದ್ರೂ ಇರ್ಬೋದು. ನಾನೇನ್ ಕಂಡ್ನಾ?"

ಮುಖ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದ ಮಾವನ ಮುಂದೆ ಆ ಬೋಳು ಬುಡವನ್ನಿಟ್ಟು, "ಇದನ್ನ ನೀವೇ ನೆಟ್ಬುಡಿ ಅಳಿಯಂದ್ರೇ, ನಾಳೆ ನಿಮ್ ಮಗಳಿಗೇ ಆಯ್ತದೆ" ಎಂದಳು. ಮಾವ ಒಗೆಯುವ ಕಲ್ಲಿನ ಪಕ್ಕ, ಬಿದಿರು ಮೆಳೆಯ ಬುಡದಲ್ಲಿ ಅದನ್ನು ನೆಟ್ಟರು. ಸಿಟ್ಟನ್ನೆಲ್ಲ ಹಿಮ್ಮಡಿಗೆ ತಂದು ಮಣ್ಣು ತುಳಿದರು. ಕೆಲವು ದಿನಗಳಲ್ಲಿ ಅತ್ತೆಗೆ ಹಾಲು ಇಳಿಯಿತು. ಚಾಯದಿಂದಲೋ, ಚೇಡತ್ತಿ ಮಗುವಿಗೆ ಚೀಪುವ ರೂಢಿ ಮಾಡಿಸಿದ್ದರಿಂದಲೋ, ಗಂಡ ಎರಡು ಸಲ ಓಡಿಬಂದನೆಂಬ ಸಮಾಧಾನದಿಂದಲೋ, ನನಗೆ ಇವತ್ತಿಗೂ ತಿಳಿಯದು.

ಕಳೆದ ವಾರ ಸುಜಾತಳನ್ನು ಬೈದುಕೊಂಡೇ ಮರಕ್ಕಡವಿಗೆ ಎಳೆದುಕೊಂಡು ಹೋದೆ. ಆಸ್ತಿ ಪಾಲಾಗಿ, ಕೈಬದಲಾಗಿ, ಮನೆ ಇದ್ದ ಜಾಗದಲ್ಲಿ ಈಗ ಯಾರದೋ ಶುಂಠಿ ಪಾತಿ. ಅಜ್ಜಿ ಇಲ್ಲ, ಅತ್ತೆ ಇಲ್ಲ, ಮಾವನೂ ಹೋಗಿ ವರ್ಷಗಳಾದವು. ಒಗೆಯುವ ಕಲ್ಲೊಂದು ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿತ್ತು; ಪಕ್ಕದ ಮೆಳೆಯ ತುಂಬ ಬಳ್ಳಿ. "ನಿಮ್ಮಪ್ಪ ನೆಟ್ಟಿದ್ದು, ನಿನಗೇ ಅಂತ" ಎಂದು ಇಡೀ ಕತೆ ಹೇಳಿದೆ. ಅವಳು ಆ ಕಲ್ಲಿನ ಮೇಲೆ ಕೂತು, "ಅಪ್ಪ ಒಂದಿನಾನೂ ಹೇಳ್ಳಿಲ್ವಲ್ಲ ಅಕ್ಕಾ" ಎಂದು ಕಣ್ಣೊರೆಸಿಕೊಂಡಳು. ತೋಟದವನನ್ನು ಕೇಳಿ ಬದಿಯಿಂದ ನಾಲ್ಕು ಬೇರು ಅಗೆದು, ಬುಡವನ್ನು ಕದಲಿಸದೆ ಮಣ್ಣು ಮುಚ್ಚಿ, ಒಂದು ಕವಲು ಬಳ್ಳಿಯನ್ನು ಬೇರಿನೊಂದಿಗೇ ತಂದೆವು. ಬಸ್ಸಿನಲ್ಲಿ ಮುಳ್ಳು ಯಾರ ಸೀರೆಗೋ ಸಿಕ್ಕಿ ಬೈಸಿಕೊಂಡದ್ದೂ ಆಯಿತು. ಡಾಕ್ಟರನ್ನು ಕೇಳುವ ತನಕ ಒಂದು ಹನಿಯೂ ಇಲ್ಲ ಎಂದು ಸುಜಾತಳಿಗೆ ಖಡಾಖಂಡಿತ ಹೇಳಿದೆ. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ, ಕೈಯಲ್ಲಿ ಬಳ್ಳಿ ಹಿಡಿದುಕೊಂಡು, ಹಾಳು ಅಭ್ಯಾಸ, ಸ್ವಲ್ಪ ಹೊತ್ತು ನಿಂತೇ ಇದ್ದೆ. ಬಳ್ಳಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.